ಲಾಂಬ್ರುಸ್ಕೊ ಎಲ್ಲವೂ ಸಿಹಿ ಇರಲ್ಲ

ಲಾಂಬ್ರುಸ್ಕೊ (ಇಟಲಿಯ ಗುಳ್ಳೆ ಬರುವ ಕೆಂಪು ವೈನ್) ಶರಬತ್ತಿನ ಹಾಗೆ ಸಿಹಿ ಇತ್ತು, ಸಿಹಿ ಇಲ್ಲದ ಕೆಂಪು ಸ್ಪಾರ್ಕ್ಲಿಂಗ್ ವೈನ್ ಸಿಗುತ್ತಾ ಅಂತ ಕೇಳಿದ್ದೀರಿ. ಖಂಡಿತ ಸಿಗುತ್ತೆ, ಅದೂ ಲಾಂಬ್ರುಸ್ಕೊದಲ್ಲೇ! ನಿಮಗೆ ಸಿಕ್ಕಿದ್ದು ‘ಡೋಲ್ಚೆ’ (ಸಿಹಿ) ಅಥವಾ ‘ಅಮಾಬಿಲೆ’ (ಅರೆ ಸಿಹಿ) ಇರಬೇಕು. ಮುಂದಿನ ಸಲ ಲೇಬಲ್ ಮೇಲೆ ‘ಸೆಕ್ಕೊ’, ಅಂದರೆ ಸಿಹಿ ಇಲ್ಲದ್ದು, ಅಂತ ಇದೆಯಾ ನೋಡಿ.

ಲಾಂಬ್ರುಸ್ಕೊ ಅನ್ನುವುದು ಈ ವೈನ್ ಮಾಡುವ ದ್ರಾಕ್ಷಿಯ ಹೆಸರೂ ಹೌದು, ಅದೂ ಒಂದೇ ದ್ರಾಕ್ಷಿ ಅಲ್ಲ, ದೊಡ್ಡ ಕುಟುಂಬ. ಅದರಲ್ಲಿ ನನಗೆ ತುಂಬಾ ಇಷ್ಟ ಇಟಲಿಯ ಮೊಡೆನಾ ಹತ್ತಿರದ ಸೊರ್ಬಾರಾ. ತಿಳಿ ಕೆಂಪು ಬಣ್ಣ, ನಾಲಿಗೆ ಚುರ್ ಅನ್ನುವಷ್ಟು ಹುಳಿ. ಈ ಬಳ್ಳಿಯ ಹೂವು ತಾನಾಗಿ ಸರಿಯಾಗಿ ಕಾಯಿ ಕಟ್ಟುವುದಿಲ್ಲ, ಅದಕ್ಕೇ ರೈತರು ಪಕ್ಕದಲ್ಲಿ ಸಲಾಮಿನೊ ಅನ್ನುವ ಇನ್ನೊಂದು ಲಾಂಬ್ರುಸ್ಕೊ ಬಳ್ಳಿ ನೆಟ್ಟು ಅದರ ಪರಾಗದಿಂದ ಕಾಯಿ ಕಟ್ಟಿಸುತ್ತಾರೆ, ಆದರೂ ಗೊಂಚಲು ಅಲ್ಲಲ್ಲಿ ಖಾಲಿ ಖಾಲಿ. ಇಷ್ಟು ಕಷ್ಟದ ದ್ರಾಕ್ಷಿಯನ್ನು ಅವರು ಬಿಟ್ಟಿಲ್ಲ ಅನ್ನುವುದೇ ನನಗೆ ಖುಷಿ. ಗಾಢ ಬಣ್ಣ, ಸ್ವಲ್ಪ ಒಗರು ಬೇಕಿದ್ದರೆ ಇದೇ ಕುಟುಂಬದ ಗ್ರಾಸ್ಪರೋಸ್ಸಾ ತಗೊಳ್ಳಿ.

ತಣ್ಣಗೆ ಮಾಡಿ ಕುಡಿಯಿರಿ. ಆ ಕಡೆಯವರು ಪಾರ್ಮೆಸಾನ್ ಚೀಸ್, ಹಂದಿಮಾಂಸದ ಜೊತೆ ಕುಡಿಯುತ್ತಾರೆ. ಹುಳಿ, ಗುಳ್ಳೆ ಎರಡೂ ಸೇರಿ ಬಾಯಿಯ ಜಿಡ್ಡು ತೊಳೆದುಬಿಡುತ್ತವೆ. ಕೆಲವು ಬಾಟಲಿಗಳ ತಳದಲ್ಲಿ ಗಸಿ ಇರುತ್ತೆ, ಹೆದರಬೇಡಿ, ಅವು ಬಾಟಲಿಯೊಳಗೇ ಇನ್ನೊಮ್ಮೆ ಹುದುಗು ಬರಿಸಿದ ವೈನ್‌ಗಳು.