ಪೆರುವಿನ ಕುಯೆಲಾಪ್ ಅನ್ನು ಕಟ್ಟಿದವರು ಯಾರು? ಅದು ನಿಜಕ್ಕೂ ಕೋಟೆಯೇ?

ಕಟ್ಟಿದವರು ಇಂಕಾಗಳಲ್ಲ, ಅವರಿಗಿಂತ ಬಹಳ ಮೊದಲೇ ಉತ್ತರ ಪೆರುವಿನ ಮೋಡ ಮುಸುಕಿದ ಕಾಡುಗಳಲ್ಲಿ ನೆಲೆಸಿದ್ದ ಚಾಚಾಪೋಯಾ ಜನ. ಸುಮಾರು 3,000 ಮೀಟರ್ ಎತ್ತರದ ಬೆಟ್ಟದ ನೆತ್ತಿಯಲ್ಲಿ, ಕ್ರಿ.ಶ. 6ನೇ ಶತಮಾನದ ಹೊತ್ತಿಗೆ ಕೆಲಸ ಶುರುವಾಯಿತು. ಹೊರಗೋಡೆ ಕೆಲವೆಡೆ 20 ಮೀಟರ್ ಮುಟ್ಟುತ್ತದೆ. ಪ್ರವೇಶದ ಓಣಿಯಂತೂ ಅದ್ಭುತ: ಎರಡೂ ಬದಿ ಎತ್ತರದ ಕಲ್ಲುಗೋಡೆ, ಒಳಹೋದಂತೆ ಕಿರಿದಾಗುತ್ತಾ ಕೊನೆಗೆ ಒಬ್ಬರು ಮಾತ್ರ ನುಸುಳುವಷ್ಟು ಜಾಗ. ಕೋಟೆಯೆಂಬ ಹೆಸರು ಅಂಟಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಒಳಗೆ 400ಕ್ಕೂ ಹೆಚ್ಚು ದುಂಡು ಮನೆಗಳ ಅವಶೇಷಗಳಿವೆ. ಕಾಳು ಅರೆಯುವ ಕಲ್ಲುಗಳು, ಗಿನಿಯಿಲಿ ಸಾಕುತ್ತಿದ್ದ ಗೂಡುಗಳು, ಗೋಡೆಯೊಳಗೇ ಹುದುಗಿಸಿದ ಸಮಾಧಿಗಳು ಸಿಕ್ಕಿವೆ. ಹಾಗಾಗಿ ಇದನ್ನು ಗೋಡೆ ಸುತ್ತಿದ ಊರು ಎನ್ನುವುದೇ ನನಗೆ ಸರಿ ಅನ್ನಿಸುತ್ತದೆ. 15ನೇ ಶತಮಾನದಲ್ಲಿ ಇಂಕಾಗಳು ಈ ಪ್ರದೇಶವನ್ನು ಗೆದ್ದುಕೊಂಡರು. 2022ರ ಏಪ್ರಿಲ್‌ನಲ್ಲಿ ಮಳೆಗೆ ಗೋಡೆಯ ಒಂದು ಭಾಗ ಕುಸಿದದ್ದು ದೊಡ್ಡ ನಷ್ಟ.