ಡೆಟ್ರಾಯಿಟ್, ಜೂನ್ 2, 2010: ಇಪ್ಪತ್ತೆಂಟನೇ ಔಟ್

"ಬೇಸ್‌ಬಾಲ್ ನೋಡುವ ಕನ್ನಡಿಗರು ಯಾರಾದರೂ ಇದ್ದೀರಾ? ಇದ್ದರೆ ನೀವು ಎಂದೂ ಮರೆಯದ ಒಂದು ಕ್ಷಣ ಹೇಳಿ, ಕ್ರಿಕೆಟ್ ಮಾತ್ರ ಗೊತ್ತಿರುವ ನನಗೂ ಅರ್ಥ ಆಗುವ ಹಾಗೆ" ಎಂದು ಕೇಳಿದ್ದೀರಿ. ಇದ್ದೇವೆ ಸ್ವಾಮಿ, ಬೇಕಾದಷ್ಟು ಜನ ಇದ್ದೇವೆ. ನಾನು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ಊರಲ್ಲಿ ಕೆಲಸಕ್ಕೆ ಇದ್ದಾಗ ಈ ಆಟದ ಹುಚ್ಚು ಹಿಡಿಯಿತು. ಇವತ್ತಿಗೂ ಬಿಟ್ಟಿಲ್ಲ.

ಅಮೆರಿಕದ ಅಭಿಮಾನಿಗಳನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ನೆನಪು. ಬಾಸ್ಟನ್‌ನವರು 2004 ಅನ್ನುತ್ತಾರೆ. ನ್ಯೂಯಾರ್ಕ್‌ನ ಯಾಂಕೀಸ್ ತಂಡದ ಎದುರಿನ ಸರಣಿಯಲ್ಲಿ ಮೊದಲ ಮೂರು ಪಂದ್ಯ ಸೋತು, ನಾಲ್ಕನೆಯದರಲ್ಲೂ ಸೋಲುವ ಹೊತ್ತಿಗೆ ಅವರ ಆಟಗಾರ ಡೇವ್ ರಾಬರ್ಟ್ಸ್ ಎರಡನೇ ಬೇಸ್ ಕದ್ದು, ಅಂದರೆ ಬ್ಯಾಟರ್ ಚೆಂಡು ಹೊಡೆಯುವುದನ್ನು ಕಾಯದೆ ಓಡಿ ಆ ಬೇಸ್ ತಲುಪಿ, ಆಟವನ್ನೇ ತಿರುಗಿಸಿದ ರಾತ್ರಿ ಅದು. ಶಿಕಾಗೋದವರು 2016 ಅನ್ನುತ್ತಾರೆ. ಅವರ ಕಬ್ಸ್ ತಂಡ 108 ವರ್ಷ ಕಾದು ವರ್ಲ್ಡ್ ಸೀರೀಸ್, ಅಂದರೆ ಸೀಸನ್ ಕೊನೆಯ ಫೈನಲ್ ಸರಣಿ, ಗೆದ್ದಿತು. ಎರಡೂ ದೊಡ್ಡವೇ. ಆದರೆ ನನ್ನ ನೆನಪು ಪ್ರಶಸ್ತಿ ಗೆದ್ದ ಪಂದ್ಯದ್ದಲ್ಲ. ದಾಖಲೆ ಪುಸ್ತಕದಲ್ಲಿ ಅದು ಒಂದು ಮಾಮೂಲಿ ಸಾಲು ಅಷ್ಟೇ: ಡೆಟ್ರಾಯಿಟ್ ಟೈಗರ್ಸ್ 3, ಕ್ಲೀವ್‌ಲೆಂಡ್ 0.

ಮೊದಲು ಒಂದು ವಿಷಯ ಗೊತ್ತಿರಬೇಕು. ಬೇಸ್‌ಬಾಲ್‌ನಲ್ಲಿ ಒಂದು ತಂಡಕ್ಕೆ 9 ಇನ್ನಿಂಗ್ಸ್, ಪ್ರತಿ ಇನ್ನಿಂಗ್ಸ್‌ಗೆ 3 ಔಟ್. ಅಂದರೆ ಪಂದ್ಯ ಮುಗಿಸಲು 27 ಔಟ್ ಬೇಕು. ಬೇಸ್ ಅಂದರೆ ಚೆಂಡು ಹೊಡೆದವರು ಓಡಿ ಒಂದೊಂದಾಗಿ ಮುಟ್ಟಬೇಕಾದ ಗುರುತಿನ ಜಾಗ; ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ, ಚೆಂಡು ಎಸೆಯುವವರು. ಬಂದ 27 ಬ್ಯಾಟರ್‌ಗಳಲ್ಲಿ ಒಬ್ಬರೂ ಮೊದಲ ಬೇಸ್ ಮುಟ್ಟದಂತೆ ಒಬ್ಬನೇ ಪಿಚರ್ ಪಂದ್ಯ ಮುಗಿಸಿದರೆ ಅದು ಪರ್ಫೆಕ್ಟ್ ಗೇಮ್. ಒಂದು ಹಿಟ್, ಅಂದರೆ ಬ್ಯಾಟರ್ ಹೊಡೆದು ಬೇಸ್ ತಲುಪುವುದು, ಹೋಗುವಂತಿಲ್ಲ. ನಾಲ್ಕು ಕೆಟ್ಟ ಎಸೆತ ಹಾಕಿ ಬ್ಯಾಟರ್‌ಗೆ ಸುಮ್ನೆ ಮೊದಲ ಬೇಸ್ ಕೊಡುವಂತಿಲ್ಲ. ಫೀಲ್ಡರ್ ಕೈಯಿಂದ ಚೆಂಡು ಜಾರಿ ಯಾರಾದರೂ ಬೇಸ್ ತಲುಪಿದರೂ ಮುಗಿಯಿತು. 1880ರಿಂದ ಇಲ್ಲಿಯವರೆಗೆ ಅಮೆರಿಕದ ಅತ್ಯುನ್ನತ ದರ್ಜೆಯಾದ ಮೇಜರ್ ಲೀಗ್‌ನಲ್ಲಿ 2 ಲಕ್ಷಕ್ಕೂ ಹೆಚ್ಚು ಪಂದ್ಯಗಳು ನಡೆದಿವೆ. ಪರ್ಫೆಕ್ಟ್ ಗೇಮ್ ಆಗಿದ್ದು 24 ಸಲ ಮಾತ್ರ. 1999ರಲ್ಲಿ ಕೋಟ್ಲಾದಲ್ಲಿ ನಮ್ಮ ಕುಂಬ್ಳೆ ಹತ್ತಕ್ಕೆ ಹತ್ತು ತೆಗೆದರಲ್ಲ, ಆ ಮಟ್ಟದ ಸಾಧನೆ ಅಂದುಕೊಳ್ಳಿ. ಅವತ್ತು ಒಂಬತ್ತು ವಿಕೆಟ್ ಆದ ಮೇಲೆ ಇನ್ನೊಂದು ತುದಿಯಲ್ಲಿ ಶ್ರೀನಾಥ್ ಬೇಕೆಂದೇ ವೈಡ್ ಹಾಕುತ್ತಿದ್ದರು. ಹತ್ತನೆಯದು ಕುಂಬ್ಳೆಗೇ ಸಿಗಲಿ ಅಂತ.

ಈಗ ಡೆಟ್ರಾಯಿಟ್‌ಗೆ ಬನ್ನಿ. ಬುಧವಾರ ಸಂಜೆ, ಟೈಗರ್ಸ್ ತವರು ಮೈದಾನ ಕೊಮೆರಿಕಾ ಪಾರ್ಕ್. ವಾರದ ನಡುವಿನ ಪಂದ್ಯ, ಮೈದಾನ ಅರ್ಧವೂ ತುಂಬಿರಲಿಲ್ಲ. ಟೈಗರ್ಸ್ ಪಿಚರ್ ಅರ್ಮಾಂಡೋ ಗಲರಾಗ, ವೆನೆಜುವೆಲಾದವರು, 28 ವರ್ಷ. ಆ ಸೀಸನ್ ಶುರುವಾದಾಗ ಅವರು ಮುಖ್ಯ ತಂಡದಲ್ಲೇ ಇರಲಿಲ್ಲ. ಕೆಳಗಿನ ದರ್ಜೆಯ ಟೊಲೀಡೋ ತಂಡದಲ್ಲಿದ್ದರು. ಮೇ ಮಧ್ಯದಲ್ಲಿ ಮತ್ತೆ ಕರೆ ಬಂದಿತ್ತು. ಅವರ ಮೇಲೆ ಯಾರಿಗೂ ದೊಡ್ಡ ನಿರೀಕ್ಷೆ ಇರಲಿಲ್ಲ.

ನಾನು ಮನೆಯಲ್ಲಿ ಟೀವಿ ಮುಂದೆ ಇದ್ದೆ. ಪಕ್ಕದಲ್ಲಿ ನನ್ನ ಸಹೋದ್ಯೋಗಿ, ಡೆಟ್ರಾಯಿಟ್‌ನಲ್ಲೇ ಹುಟ್ಟಿ ಬೆಳೆದವನು. ಐದನೇ ಇನ್ನಿಂಗ್ಸ್ ದಾಟಿದ ಮೇಲೆ ಅವನು ಮಾತು ನಿಲ್ಲಿಸಿಬಿಟ್ಟ. ಇದು ಈ ಆಟದ ಹಳೇ ನಂಬಿಕೆ. ಪರ್ಫೆಕ್ಟ್ ಗೇಮ್ ನಡೆಯುತ್ತಿರುವಾಗ ಆ ಹೆಸರು ಎತ್ತಬಾರದು. ತಂಡದವರೂ ಪಿಚರ್ ಹತ್ತಿರ ಹೋಗಿ ಕೂರುವುದಿಲ್ಲ, ಮಾತಾಡಿಸುವುದಿಲ್ಲ. ನಮ್ಮಲ್ಲಿ ದೃಷ್ಟಿ ಆಗುತ್ತೆ ಅಂತೀವಲ್ಲ, ಹಾಗೆ. ನಾನೂ ಬಾಯಿ ಬಿಡಲಿಲ್ಲ.

ಒಂಬತ್ತನೇ ಇನ್ನಿಂಗ್ಸ್. 24 ಜನ ಬಂದಿದ್ದರು, 24 ಜನವೂ ಔಟ್. ಇಪ್ಪತ್ತೈದನೆಯವರು ಮಾರ್ಕ್ ಗ್ರಡ್ಜಿಲೆನೆಕ್. ಮೊದಲ ಎಸೆತಕ್ಕೇ ಬೀಸಿ ಹೊಡೆದರು. ಚೆಂಡು ಮೈದಾನದ ಆಳಕ್ಕೆ, ಗೋಡೆಯ ಕಡೆ ಹೋಯಿತು. ಎಲ್ಲ ಮುಗಿಯಿತು ಅಂದುಕೊಂಡೆವು. ಆದರೆ ಆಸ್ಟಿನ್ ಜಾಕ್ಸನ್, ಅದೇ ವರ್ಷ ತಂಡಕ್ಕೆ ಬಂದ ಹುಡುಗ, ಪಿಚರ್‌ಗೆ ಬೆನ್ನು ಹಾಕಿ ಓಡಿದ. ಓಡುತ್ತಲೇ ಭುಜದ ಮೇಲಿಂದ ಇಳಿದ ಚೆಂಡನ್ನು ಗ್ಲೌಸ್‌ಗೆ ತೆಗೆದುಕೊಂಡ. ಅಂಥ ಕ್ಯಾಚ್ ನಾನು ಆಮೇಲೆ ಹೆಚ್ಚು ನೋಡಿಲ್ಲ. ಇಪ್ಪತ್ತಾರನೆಯದು ಸುಲಭದ ಔಟ್. ಇನ್ನು ಒಂದೇ ಬಾಕಿ.

ಜೇಸನ್ ಡೊನಾಲ್ಡ್ ಬ್ಯಾಟ್ ಹಿಡಿದು ಬಂದರು. ಹೊಡೆದ ಚೆಂಡು ನೆಲಕ್ಕೆ ಬಿದ್ದು ಮೊದಲ ಮತ್ತು ಎರಡನೇ ಬೇಸ್ ನಡುವೆ ಉರುಳಿತು. ಮೊದಲ ಬೇಸ್ ಕಾಯುತ್ತಿದ್ದ ಮಿಗೆಲ್ ಕಬ್ರೆರಾ ತಮ್ಮ ಬಲಕ್ಕೆ ಓಡಿ ಚೆಂಡು ಹಿಡಿದರು. ಅವರು ಬೇಸ್ ಬಿಟ್ಟು ಬಂದಿದ್ದರಿಂದ ಅಲ್ಲಿಗೆ ಪಿಚರ್ ಓಡಬೇಕು. ಡೊನಾಲ್ಡ್ ತಲುಪುವ ಮೊದಲೇ ಚೆಂಡು ಹಿಡಿದು ಬೇಸ್ ಮುಟ್ಟಿದರೆ ಔಟ್. ಗಲರಾಗ ಓಡಿದರು. ಕಬ್ರೆರಾ ಎಸೆದರು. ಚೆಂಡು ಗಲರಾಗ ಗ್ಲೌಸ್‌ನಲ್ಲಿ, ಅವರ ಕಾಲು ಬೇಸ್ ಮೇಲೆ. ಡೊನಾಲ್ಡ್ ಇನ್ನೂ ಒಂದು ಹೆಜ್ಜೆ ಹಿಂದೆ ಇದ್ದರು. ನನ್ನ ಗೆಳೆಯ ಆಗಲೇ ಸೋಫಾದಿಂದ ಎದ್ದು ಕೂಗಿದ್ದ.

ಅಂಪೈರ್ ಜಿಮ್ ಜಾಯ್ಸ್ ಎರಡೂ ಕೈ ಚಾಚಿದರು. ಸೇಫ್, ಅಂದರೆ ನಾಟ್ ಔಟ್.

ಟೀವಿಯಲ್ಲಿ ಮತ್ತೆ ಮತ್ತೆ ತೋರಿಸಿದರು. ಅನುಮಾನಕ್ಕೆ ಜಾಗವೇ ಇರಲಿಲ್ಲ, ಔಟ್ ಆಗಿತ್ತು. ಕಬ್ರೆರಾ ಅಂಪೈರ್ ಜೊತೆ ವಾದ ಮಾಡುತ್ತಲೇ ಇದ್ದರು. ಮ್ಯಾನೇಜರ್ ಜಿಮ್ ಲೀಲೆಂಡ್ ಮೈದಾನಕ್ಕೆ ಬಂದರು. ಜನ ಕಿರುಚಾಡುತ್ತಿದ್ದರು. ಆದರೆ ನನ್ನ ಕಣ್ಣು ನಿಂತಿದ್ದು ಗಲರಾಗ ಮುಖದ ಮೇಲೆ. ಅವರು ನಕ್ಕರು. ಸಿಟ್ಟಿನ ನಗು ಅಲ್ಲ, ವ್ಯಂಗ್ಯದ್ದೂ ಅಲ್ಲ. "ಹೌದಾ, ನಿಜವಾಗ್ಲೂ?" ಅಂತ ಕೇಳುವ ಹಾಗೆ ಒಂದು ಸಣ್ಣ ನಗು. ಒಂದು ಮಾತಾಡದೆ ತಿರುಗಿ ತಮ್ಮ ಜಾಗಕ್ಕೆ ಹೋದರು. ಮುಂದಿನ ಬ್ಯಾಟರ್ ಟ್ರೆವರ್ ಕ್ರೋಗೆ ಚೆಂಡು ಹಾಕಿ ಔಟ್ ಮಾಡಿಸಿದರು. ಪಂದ್ಯ ಮುಗಿಯಿತು. ಬರೀ 88 ಎಸೆತ, 1 ಗಂಟೆ 44 ನಿಮಿಷ. ನಾನು ಅವರ ಜಾಗದಲ್ಲಿ ಇದ್ದಿದ್ದರೆ ಆ ಇಪ್ಪತ್ತೆಂಟನೆಯವನಿಗೆ ಚೆಂಡು ಹಾಕಲು ಕೈ ಬರುತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಇದು ಒಂದು ಅನ್ಯಾಯದ ಕಥೆ. ಆದರೆ ಮುಂದೆ ನಡೆದಿದ್ದೇ ಮುಖ್ಯ.

ಜಾಯ್ಸ್ ಅಂಪೈರ್‌ಗಳ ಕೋಣೆಗೆ ಹೋಗಿ ವಿಡಿಯೋ ನೋಡಿದರು. ತಪ್ಪು ತಮ್ಮದೇ ಅಂತ ಗೊತ್ತಾಯಿತು. ಗೊತ್ತಾದ ಮೇಲೆ ಬಾಗಿಲು ಹಾಕಿಕೊಂಡು ಕೂರಲಿಲ್ಲ. "ಆ ಕೋನದಿಂದ ಹಾಗೆ ಕಂಡಿತು" ಅಂತ ನೆಪ ಹೇಳಲಿಲ್ಲ. ಪತ್ರಕರ್ತರ ಮುಂದೆ ನೇರವಾಗಿ, ಆ ಹುಡುಗನ ಪರ್ಫೆಕ್ಟ್ ಗೇಮ್ ನನ್ನಿಂದ ಹೋಯಿತು ಎಂದರು. ಗಲರಾಗ ಅವರನ್ನು ಭೇಟಿಯಾಗಿ, ಅಪ್ಪಿಕೊಂಡು, ಅಳುತ್ತಾ ಕ್ಷಮೆ ಕೇಳಿದರು. ಜಾಯ್ಸ್ ಏನು ಹೊಸಬರಲ್ಲ, ಎರಡು ದಶಕಕ್ಕೂ ಜಾಸ್ತಿ ಅನುಭವ ಇದ್ದವರು. ಅದೇ ತಿಂಗಳು ಆಟಗಾರರ ನಡುವೆ ನಡೆದ ಒಂದು ಸಮೀಕ್ಷೆಯಲ್ಲಿ ಅತ್ಯುತ್ತಮ ಅಂಪೈರ್ ಅಂತ ಬಂದಿದ್ದು ಅವರ ಹೆಸರೇ. ಗಲರಾಗ ಪತ್ರಕರ್ತರಿಗೆ ಹೇಳಿದ್ದು ಇಷ್ಟೇ: ಯಾರೂ ಪರ್ಫೆಕ್ಟ್ ಅಲ್ಲ.

ಮಾರನೇ ದಿನ ಮಧ್ಯಾಹ್ನ ಅದೇ ಎರಡು ತಂಡಗಳ ನಡುವೆ ಮತ್ತೆ ಪಂದ್ಯ. ಸರದಿ ಪ್ರಕಾರ ಬ್ಯಾಟರ್ ಹಿಂದೆ ನಿಲ್ಲುವ ಮುಖ್ಯ ಅಂಪೈರ್ ಕೆಲಸ ಜಾಯ್ಸ್ ಅವರದು. ಬೇಕಿದ್ದರೆ ರಜೆ ತಗೊಳ್ಳಿ ಅಂತ ಹೇಳಿದ್ದರು. ಅವರು ಒಪ್ಪಲಿಲ್ಲ. ನಮ್ಮ ಆಫೀಸಿನ ಊಟದ ಕೋಣೆಯಲ್ಲಿ ಟೀವಿ ಹಾಕಿದ್ದರು, ಎಲ್ಲರೂ ಡಬ್ಬಿ ಹಿಡಿದುಕೊಂಡೇ ನಿಂತಿದ್ದರು. ಪಂದ್ಯಕ್ಕೆ ಮುಂಚೆ ಪ್ರತಿ ತಂಡ ತನ್ನ ಆಟಗಾರರ ಪಟ್ಟಿಯನ್ನು ಅಂಪೈರ್ ಕೈಗೆ ಕೊಡಬೇಕು. ಸಾಮಾನ್ಯವಾಗಿ ಮ್ಯಾನೇಜರ್ ಅಥವಾ ಕೋಚ್ ಕೊಡುತ್ತಾರೆ. ಅವತ್ತು ಲೀಲೆಂಡ್ ಆ ಕಾರ್ಡು ಕೊಟ್ಟು ಕಳಿಸಿದ್ದು ಗಲರಾಗ ಅವರನ್ನು.

ಗಲರಾಗ ನಡೆದು ಬಂದರು. ಜಾಯ್ಸ್ ಕಣ್ಣು ಒರೆಸಿಕೊಳ್ಳುತ್ತಿದ್ದರು. ಕಾರ್ಡು ಕೈಗೆ ಬಂತು, ಕೈ ಕುಲುಕಿದರು. ಜಾಯ್ಸ್ ಏನೂ ಹೇಳಲಾಗದೆ ಗಲರಾಗ ಭುಜಕ್ಕೆ ಮೆತ್ತಗೆ ಒಂದು ತಟ್ಟಿದರು. ಹಿಂದಿನ ರಾತ್ರಿ ಅದೇ ಮನುಷ್ಯನನ್ನು ಬೈದಿದ್ದ ಡೆಟ್ರಾಯಿಟ್ ಜನ ಚಪ್ಪಾಳೆ ತಟ್ಟಿದರು. ನನ್ನ ಗೆಳೆಯ, ರಾತ್ರಿಯೆಲ್ಲ ಜಾಯ್ಸ್ ಅವರನ್ನು ಶಪಿಸಿದ್ದವನು, ಏನೂ ಮಾತಾಡದೆ ಕಿಟಕಿ ಕಡೆ ಹೋಗಿ ನಿಂತ.

ನಾವು ಕ್ರಿಕೆಟ್‌ನವರು ಇದನ್ನು ಬೇರೆ ಥರ ನೋಡಿದ್ದೇವೆ. 2008ರ ಸಿಡ್ನಿ ಟೆಸ್ಟ್ ನೆನಪಿದೆಯಲ್ಲ, ಕುಂಬ್ಳೆ ನಾಯಕರಾಗಿದ್ದಾಗಿನದು. ತಪ್ಪು ತೀರ್ಪುಗಳ ಗಲಾಟೆ ಆಗಿ, ನಮ್ಮ ಮಂಡಳಿಯ ದೂರಿನ ಮೇಲೆ ಸ್ಟೀವ್ ಬಕ್ನರ್ ಅವರನ್ನು ಮುಂದಿನ ಪರ್ತ್ ಟೆಸ್ಟ್‌ನಿಂದ ತೆಗೆದರು. ಆಗ ನನಗೆ ಅದು ಸರಿ ಅನ್ನಿಸಿತ್ತು. ಡೆಟ್ರಾಯಿಟ್ ನೋಡಿದ ಮೇಲೆ, ಬಕ್ನರ್ ಪರ್ತ್‌ನಲ್ಲಿ ನಿಂತಿದ್ದರೆ, ಯಾರಾದರೂ ಹೋಗಿ ಅವರ ಕೈ ಕುಲುಕಿದ್ದರೆ ಹೇಗಿರುತ್ತಿತ್ತು ಅಂತ ಎಷ್ಟೋ ಸಲ ಯೋಚಿಸಿದ್ದೇನೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಇವತ್ತಿಗೂ ಬೇಸರ. ಮೇಜರ್ ಲೀಗ್‌ನ ಆಗಿನ ಮುಖ್ಯಸ್ಥ, ಕಮಿಷನರ್ ಬಡ್ ಸೆಲಿಗ್ ಆ ತೀರ್ಪನ್ನು ಬದಲಾಯಿಸಲಿಲ್ಲ. ಒಂದು ಬದಲಾಯಿಸಿದರೆ ನಾಳೆ ಎಲ್ಲರೂ ಕೇಳುತ್ತಾರೆ ಅನ್ನುವ ವಾದ ಇದೆ, ಒಪ್ಪುತ್ತೇನೆ. ಆದರೆ ಈ ಪಂದ್ಯ ಬೇರೆ. ಅದು ಕೊನೆಯ ಔಟ್ ಆಗಬೇಕಿದ್ದ ಚೆಂಡು. ಅದನ್ನು ಔಟ್ ಅಂತ ಬರೆದರೆ ಸ್ಕೋರು ಬದಲಾಗುವುದಿಲ್ಲ, ಗೆದ್ದವರು ಸೋತವರು ಬದಲಾಗುವುದಿಲ್ಲ. ಡೊನಾಲ್ಡ್ ಅವರ ಒಂದು ಹಿಟ್, ಕ್ರೋ ಅವರ ಒಂದು ಔಟ್ ಅಳಿಸಿ ಹೋಗುತ್ತದೆ, ಅಷ್ಟೇ. ಇಂಥ ತೀರ್ಪುಗಳನ್ನು ವಿಡಿಯೋ ನೋಡಿ ಸರಿಪಡಿಸುವ ನಿಯಮ ಬಂದಿದ್ದು 2014ರಲ್ಲಿ. ಗಲರಾಗ ಆ ಹೊತ್ತಿಗೆ ಮೇಜರ್ ಲೀಗ್‌ನಲ್ಲಿ ಇರಲಿಲ್ಲ. ಅವರ ಹೆಸರು ಆ 24ರ ಪಟ್ಟಿಯಲ್ಲಿ ಇಲ್ಲ, ಇರಬೇಕಿತ್ತು.

ಇಂಟರ್ನೆಟ್ಟಿನಲ್ಲಿ ಇದರ ವಿಡಿಯೋ ಸುಲಭವಾಗಿ ಸಿಗುತ್ತದೆ. ಜಾಕ್ಸನ್ ಕ್ಯಾಚ್‌ನಿಂದ ಶುರು ಮಾಡಿ, ಮಾರನೇ ದಿನ ಕಾರ್ಡು ಕೊಡುವವರೆಗೂ ನೋಡಿ. ಆಟದ ನಿಯಮ ಎಲ್ಲಾದರೂ ಗೊಂದಲ ಆದರೆ ಕೇಳಿ, ಖುಷಿಯಿಂದ ಹೇಳುತ್ತೇನೆ.