ಹಳೆಯ ಊರೋ, ಹೊಸ ಊರೋ?

ಓದುಗರ ಪ್ರಶ್ನೆ, ಅಂಕಣಕಾರ್ತಿಯ ಉತ್ತರ

ನಗರ ಕಟ್ಟುವ ಕಂಪ್ಯೂಟರ್ ಆಟಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆ. ಬಂದವುಗಳಲ್ಲಿ ಬಹುಪಾಲು ‘ಸಿಟೀಸ್: ಸ್ಕೈಲೈನ್ಸ್’ ಮತ್ತು ಅದರ ಎರಡನೆಯ ಭಾಗವನ್ನು ಕುರಿತೇ ಇವೆ. ಮೊದಲನೆಯದು 2015ರ ಮಾರ್ಚ್‌ನಲ್ಲಿ, ಎರಡನೆಯದು 2023ರ ಅಕ್ಟೋಬರ್‌ನಲ್ಲಿ ಬಂತು. ಎರಡನ್ನೂ ರೂಪಿಸಿದ್ದು ಫಿನ್ಲೆಂಡಿನ ಟಾಂಪೆರೆ ನಗರದ ಕಲೋಸಲ್ ಆರ್ಡರ್ ಸಂಸ್ಥೆ. ಹೊರತಂದದ್ದು ಸ್ವೀಡನ್ನಿನ ಪ್ಯಾರಡಾಕ್ಸ್. ಖಾಲಿ ನೆಲದ ಮೇಲೆ ರಸ್ತೆ ಎಳೆದು, ಮನೆಗಿಷ್ಟು, ಅಂಗಡಿಗಿಷ್ಟು, ಕಾರ್ಖಾನೆಗಿಷ್ಟು ಎಂದು ಜಾಗ ಗುರುತಿಸಿ, ನೀರು ಮತ್ತು ವಿದ್ಯುತ್ ಕೊಟ್ಟರೆ ಜನ ಬಂದು ನೆಲೆಸುತ್ತಾರೆ. ಆಮೇಲಿನ ತಾಪತ್ರಯವೆಲ್ಲ ಆಡುವವರದು. ಬಡಾವಣೆಗಳ ನಕ್ಷೆ ಬಿಡಿಸುವುದು ನನ್ನ ವೃತ್ತಿ. ಹಾಗಾಗಿ ಉತ್ತರಗಳಲ್ಲಿ ರಸ್ತೆಯ ಮಾತು ಹೆಚ್ಚು.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರಿಂಗ್ ಮೂರನೆಯ ವರ್ಷದ ವಿದ್ಯಾರ್ಥಿನಿ. ಮೊದಲನೆಯ ಆಟವನ್ನು ಚೆನ್ನಾಗಿ ಬಲ್ಲೆ. ಎರಡನೆಯದು ನಿಜಕ್ಕೂ ಮುಂದುವರಿದ ಆಟವೇ, ಅಥವಾ ಚಿತ್ರಗಳಷ್ಟೇ ಚೆಂದವೇ ಮೇಡಂ?
— ಓದುಗರು, ದಾವಣಗೆರೆ

ಉತ್ತರ: ರಸ್ತೆಯ ವಿಷಯದಲ್ಲಿ ಎರಡನೆಯದು ಬಹಳ ಮುಂದಿದೆ, ಇದರಲ್ಲಿ ನನಗೆ ಸಂಶಯವಿಲ್ಲ. ಮೊದಲನೆಯದರಲ್ಲಿ ಎರಡು ರಸ್ತೆಗಳನ್ನು ಸಮಾನಾಂತರವಾಗಿ ಎಳೆಯಬೇಕಾದರೆ ಕಣ್ಣಳತೆಯೇ ಗತಿಯಾಗಿತ್ತು. ಇಲ್ಲವೇ ಬೇರೆ ಆಟಗಾರರು ತಯಾರಿಸಿದ, ಆಟಕ್ಕೆ ಹೊರಗಿನಿಂದ ಸೇರಿಸುವ ಮಾಡ್‌ಗಳನ್ನು ಅಳವಡಿಸಿಕೊಳ್ಳಬೇಕಿತ್ತು. ಎರಡನೆಯದರಲ್ಲಿ ಸಮಾನಾಂತರ ರಸ್ತೆಗೆ, ಚೌಕುಳಿ ಬೀದಿಗಳಿಗೆ, ವೃತ್ತಕ್ಕೆ ಆಟದಲ್ಲೇ ಸಲಕರಣೆಗಳಿವೆ. ಪಾದಚಾರಿಗಳು ದಾಟುವ ಪಟ್ಟಿಯನ್ನು ಒಂದು ಕಡೆ ತೆಗೆದು ಇನ್ನೊಂದು ಕಡೆ ಹಾಕಬಹುದು, ಬಲತಿರುವನ್ನು ನಿಷೇಧಿಸಬಹುದು. ವಿದ್ಯುತ್ ತಂತಿ, ನೀರಿನ ಕೊಳವೆ, ಒಳಚರಂಡಿ ಮೂರೂ ರಸ್ತೆಯ ಅಡಿಯಲ್ಲೇ ಬರುತ್ತವೆ. ಮೊದಲನೆಯದರಲ್ಲಿ ಕಂಬ ನೆಡುವುದು, ಕೊಳವೆ ಹೂಳುವುದು ಬೇರೆ ಬೇರೆ ಕೆಲಸಗಳಾಗಿದ್ದವು.

ವಾಹನಗಳ ನಡವಳಿಕೆಯನ್ನು ಹತ್ತಿರದಿಂದ ನೋಡಿದರೆ ವ್ಯತ್ಯಾಸ ಇನ್ನೂ ಸ್ಪಷ್ಟವಾಗುತ್ತದೆ. ಹಳೆಯ ಆಟದಲ್ಲಿ ಮೂರು ಲೇನ್‌ಗಳ ಹೆದ್ದಾರಿಯಿಂದ ಕೈಗಾರಿಕಾ ಪ್ರದೇಶಕ್ಕೆ ಒಂದು ಇಳಿದಾರಿ ಕೊಟ್ಟಿದ್ದೀರಿ ಎಂದುಕೊಳ್ಳಿ. ಆ ದಾರಿ ಹಿಡಿಯಬೇಕಾದ ಲಾರಿಗಳೆಲ್ಲ ಬಹಳ ಮೊದಲೇ ಅಂಚಿನ ಲೇನ್‌ಗೆ ಸೇರಿ ಒಂದರ ಹಿಂದೆ ಒಂದು ನಿಲ್ಲುತ್ತವೆ. ಪಕ್ಕದ ಎರಡು ಲೇನ್‌ಗಳು ಖಾಲಿ ಬಿದ್ದಿದ್ದರೂ ಒಂದು ಲಾರಿಯೂ ಅತ್ತ ಹೊರಳುವುದಿಲ್ಲ. ಇಳಿದಾರಿಯ ನಂತರ ಹೆದ್ದಾರಿಯನ್ನು ಎರಡೇ ಲೇನ್‌ಗಳಿಗೆ ಇಳಿಸಿ, ಇನ್ನೊಂದು ರಸ್ತೆ ಬಂದು ಕೂಡುವಲ್ಲಿ ಮತ್ತೆ ಮೂರು ಮಾಡಬೇಕು ಎಂಬುದನ್ನು ನಾವೆಲ್ಲ ಕಲಿತದ್ದು ಹೀಗೆ. ಹೊಸ ಆಟದ ಚಾಲಕರು ಸಮಯ, ಖರ್ಚು, ಅನುಕೂಲ ಇವನ್ನೆಲ್ಲ ತೂಗಿ ದಾರಿ ಆರಿಸುತ್ತಾರೆ. ಮುಂದೆ ಅಡಚಣೆ ಕಂಡರೆ ಲೇನ್ ಬದಲಿಸುತ್ತಾರೆ. ವಾಹನ ನಿಲ್ಲಿಸಲು ಜಾಗವೂ ಬೇಕು. ಹಳೆಯದರಲ್ಲಿ ಜಾಗ ಸಿಗದಿದ್ದರೆ ಕಾರು ಸುಮ್ಮನೆ ಮಾಯವಾಗುತ್ತಿತ್ತು. ಹೊಸದರಲ್ಲಿ ಪಾರ್ಕಿಂಗ್ ಶುಲ್ಕ ಏರಿಸಿ ಜನರನ್ನು ಬಸ್ಸಿನ ಕಡೆಗೆ ತಿರುಗಿಸಬಹುದು. ನಿಮ್ಮ ಸಾರಿಗೆ ಎಂಜಿನಿಯರಿಂಗ್ ಪಾಠದ ಅರ್ಧ ಭಾಗ ಇಲ್ಲೇ ಇದೆ.

ಇಷ್ಟಾದರೂ ಹೊಸ ಆಟ ಬಂದ ಹೊಸದರಲ್ಲಿ ನನಗೆ ಸಮಾಧಾನ ಕೊಡಲಿಲ್ಲ. ತಪ್ಪು ಮಾಡಿದರೆ ಅದರ ಫಲ ಕಣ್ಣೆದುರು ಕಾಣಬೇಕು ಎಂಬುದು ಇಂಥ ಆಟದ ಜೀವಾಳ ಎಂದು ನಾನು ನಂಬಿದ್ದೇನೆ. ನನ್ನ ಕೆಲಸದಲ್ಲಿ, ನಿವೇಶನ ಎರಡು ಹೆಚ್ಚು ಸಿಗುತ್ತದೆ ಎಂದು ರಸ್ತೆಯನ್ನು ಕಿರಿದು ಮಾಡಿಸಲು ಒತ್ತಾಯಿಸುವವರು ಇರುತ್ತಾರೆ. ಆ ರಸ್ತೆಯಲ್ಲಿ ಆಂಬುಲೆನ್ಸ್ ಸಿಕ್ಕಿಹಾಕಿಕೊಳ್ಳುವ ಹೊತ್ತಿಗೆ ನಕ್ಷೆ ಬಿಡಿಸಿದವರೂ ಬಿಡಿಸಿದ್ದನ್ನು ಒಪ್ಪಿದವರೂ ಅಲ್ಲಿರುವುದಿಲ್ಲ. ಮೊದಲನೆಯ ಆಟದಲ್ಲಿ ಹಾಗಲ್ಲ. ಒಳಚರಂಡಿಯ ನೀರನ್ನು ನದಿಯ ಮೇಲ್ಭಾಗದಲ್ಲಿ ಬಿಟ್ಟು ಕುಡಿಯುವ ನೀರನ್ನು ಕೆಳಭಾಗದಲ್ಲಿ ಎತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಕಂದು ಬಣ್ಣದ ನೀರು ಪಂಪಿನ ಬಾಯಿಗೆ ಬರುವುದು ಕಾಣಿಸುತ್ತದೆ. ಮನೆಮನೆಯ ಮೇಲೆ ಕಾಯಿಲೆಯ ಗುರುತು ಏಳುತ್ತದೆ. ಕಾರಣ ಇಲ್ಲಿ, ಪರಿಣಾಮ ಅಲ್ಲಿ. ಮಕ್ಕಳಿಗೂ ಅರ್ಥವಾಗುತ್ತದೆ.

ಎರಡನೆಯದರಲ್ಲಿ ಲೆಕ್ಕಾಚಾರ ಆಳವಾಯಿತು, ಆದರೆ ಈ ನೇರ ಸಂಬಂಧ ಮಸುಕಾಯಿತು. ನಗರದ ಖಜಾನೆ ಖಾಲಿಯಾಗುತ್ತಿದ್ದರೆ ಸರ್ಕಾರದ ಸಹಾಯಧನ ತಾನಾಗಿ ಬಂದು ಕೊರತೆ ತುಂಬುತ್ತಿತ್ತು. ಬೇಕಾಬಿಟ್ಟಿ ಖರ್ಚು ಮಾಡಿದರೂ ಊರು ಮುಳುಗುತ್ತಿರಲಿಲ್ಲ. ಇನ್ನೊಂದೆಡೆ, ಬಾಡಿಗೆ ಹೆಚ್ಚು ಎಂಬ ದೂರು ಮನೆಗಳ ಮೇಲೆ ಸಾಲಾಗಿ ಕಾಣಿಸಿಕೊಳ್ಳುತ್ತಿತ್ತು. ಏಕೆ ಹೆಚ್ಚಾಯಿತು, ಏನು ಮಾಡಿದರೆ ಇಳಿಯುತ್ತದೆ ಎಂಬುದು ಹೊಳೆಯುತ್ತಿರಲಿಲ್ಲ. 2024ರ ಜೂನ್‌ನಲ್ಲಿ ಬಂದ ದೊಡ್ಡ ತಿದ್ದುಪಡಿಯಲ್ಲಿ ಸಹಾಯಧನ ತೆಗೆದರು, ಬಾಡಿಗೆಯ ಲೆಕ್ಕವನ್ನು ಹೊಸದಾಗಿ ಬರೆದರು. ಅಂದಿನಿಂದ ತಪ್ಪಿಗೆ ತಕ್ಕ ಪೆಟ್ಟು ಬೀಳುತ್ತದೆ. ನೀವು ಎಂಜಿನಿಯರಿಂಗ್ ಓದುತ್ತಿರುವವರು, ಎರಡನೆಯದನ್ನು ಆಡಲೇಬೇಕು. ಮೊದಲನೆಯದನ್ನು ಕಂಪ್ಯೂಟರಿನಿಂದ ತೆಗೆಯಬೇಡಿ.

ಪ್ರಶ್ನೆ: ಮಗ ಎರಡನೆಯ ಭಾಗ ಬೇಕೆಂದು ಹಟ ಹಿಡಿದಿದ್ದಾನೆ. ನಮ್ಮಲ್ಲಿರುವುದು ಸಾಧಾರಣ ಲ್ಯಾಪ್‌ಟಾಪ್, 8 ಜಿಬಿ ಮೆಮೊರಿ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕೊಡಿಸಬಹುದೇ?
— ಓದುಗರು, ಹಾಸನ

ಉತ್ತರ: ಬೇಡ. ಆ ಲ್ಯಾಪ್‌ಟಾಪಿನಲ್ಲಿ ಅದು ಓಡುವುದಿಲ್ಲ. ಬಿಡುಗಡೆಯ ಹೊತ್ತಿಗೆ ಕನಿಷ್ಠ ಅಗತ್ಯವೆಂದು ಹೇಳಿದ್ದೇ ಜಿಟಿಎಕ್ಸ್ 970 ಗ್ರಾಫಿಕ್ಸ್ ಕಾರ್ಡ್. ಚೆನ್ನಾಗಿ ಆಡಲು ಶಿಫಾರಸು ಮಾಡಿದ್ದು ಆರ್‌ಟಿಎಕ್ಸ್ 3080. ಅಂಥ ಕಾರ್ಡ್ ಇದ್ದವರ ಕಂಪ್ಯೂಟರುಗಳೂ ಮೊದಲ ತಿಂಗಳುಗಳಲ್ಲಿ ಏದುಸಿರು ಬಿಟ್ಟವು. ತಾವು ಗುರಿಯಿಟ್ಟ ಮಟ್ಟ ಮುಟ್ಟಲಾಗಿಲ್ಲ ಎಂದು ತಯಾರಕರೇ ಬಿಡುಗಡೆಗೆ ಮುಂಚೆ ಪ್ರಕಟಿಸಿದ್ದರು. ಬೀದಿಯಲ್ಲಿ ನಡೆಯುವ ಪುಟ್ಟ ಮನುಷ್ಯರ ಬಾಯೊಳಗಿನ ಹಲ್ಲುಗಳವರೆಗೆ ವಿವರ ಬಿಡಿಸಿದ್ದರು. ಆಕಾಶದಿಂದ ಊರನ್ನು ನೋಡುವಾಗ ಆ ವಿವರವನ್ನು ಕಡಿಮೆ ಮಾಡುವ ಏರ್ಪಾಡು ಅಪೂರ್ಣವಾಗಿತ್ತು. ತಿದ್ದುಪಡಿಗಳಿಂದ ಪರಿಸ್ಥಿತಿ ಸುಧಾರಿಸಿದೆ, ಆದರೂ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಆಗದು. ಮಗನಿಗೆ ಮೊದಲನೆಯದನ್ನು ಕೊಡಿಸಿ, ಚಿತ್ರದ ಗುಣಮಟ್ಟ ಇಳಿಸಿಕೊಂಡರೆ ಸಣ್ಣ ಊರನ್ನು ಕಟ್ಟಬಹುದು. ಹೆಚ್ಚುವರಿ ಭಾಗಗಳನ್ನೆಲ್ಲ ಒಮ್ಮೆಲೇ ಕೊಳ್ಳಬೇಡಿ. ಸಾರ್ವಜನಿಕ ಸಾರಿಗೆಯಲ್ಲಿ ಅವನಿಗೆ ಆಸಕ್ತಿಯಿದ್ದರೆ ‘ಮಾಸ್ ಟ್ರಾನ್ಸಿಟ್’ ಒಂದು ಸಾಕು.

ಪ್ರಶ್ನೆ: ನಿವೃತ್ತನಾದ ಮೇಲೆ ಮೊಮ್ಮಗಳಿಂದ ಮೊದಲನೆಯ ಆಟ ಕಲಿತೆ. ಊರು ಚೆನ್ನಾಗಿ ಬೆಳೆಯುತ್ತಿದ್ದಾಗ ಇದ್ದಕ್ಕಿದ್ದಂತೆ ನೂರಾರು ಮನೆಗಳಲ್ಲಿ ಏಕಕಾಲಕ್ಕೆ ಸಾವು. ನೀರು, ಆಸ್ಪತ್ರೆ ಎಲ್ಲ ಸರಿಯಾಗಿಯೇ ಇವೆ. ಇದೇನು ರೋಗ?
— ಓದುಗರು, ಧಾರವಾಡ

ಉತ್ತರ: ಹಿರಿಯರೇ, ರೋಗವಲ್ಲ, ವಯಸ್ಸು. ನೀವು ಒಂದು ದೊಡ್ಡ ಬಡಾವಣೆಗೆ ಒಂದೇ ಸಲ ಮನೆಗಳ ವಲಯ ಗುರುತಿಸಿರಬೇಕು. ಆಗ ಊರಿಗೆ ಬರುವವರೆಲ್ಲ ಹೆಚ್ಚು ಕಡಿಮೆ ಒಂದೇ ವಯಸ್ಸಿನ ತರುಣರು. ಒಟ್ಟಿಗೆ ಬಂದವರು ಒಟ್ಟಿಗೆ ಮುದುಕರಾಗಿ ಒಟ್ಟಿಗೆ ಹೋಗುತ್ತಾರೆ. ಶವವಾಹನಗಳು ಒಂದೇ ಹೊತ್ತಿನಲ್ಲಿ ಚಿತಾಗಾರದಿಂದ ಹೊರಟು ಒಂದೇ ಮುಖ್ಯರಸ್ತೆಯಲ್ಲಿ ಸಿಲುಕುತ್ತವೆ. ಶವ ತೆಗೆಯಲು ಯಾರೂ ಬಾರದ ಮನೆ ಕೊನೆಗೆ ಪಾಳು ಬೀಳುತ್ತದೆ. ಅದನ್ನು ಕೆಡವಿದ ಕೂಡಲೇ ಹೊಸ ತರುಣರು ಮತ್ತೆ ಗುಂಪಾಗಿ ಬರುತ್ತಾರೆ, ಕೆಲವು ವರ್ಷಗಳ ನಂತರ ಅದೇ ಅಲೆ ಮರಳುತ್ತದೆ.

ಪರಿಹಾರ ಹೀಗೆ: ವಲಯವನ್ನು ಎರಡು ಮೂರು ಬೀದಿಗಳಂತೆ, ನಡುವೆ ಸಮಯ ಬಿಟ್ಟು ಗುರುತಿಸಿ. ಚಿತಾಗಾರಗಳನ್ನು ಊರಿನ ಬೇರೆ ಬೇರೆ ಮೂಲೆಗಳಲ್ಲಿ ಇಡಿ. ಬಡಾವಣೆಯಿಂದ ಹೊರಬರಲು ಎರಡನೆಯ ದಾರಿ ಇರಲಿ. ಈ ಮೂರನೆಯದನ್ನು ಜನ ಮರೆಯುವುದು ಹೆಚ್ಚು. ಎರಡನೆಯ ಆಟದಲ್ಲಿ ಒಂಟಿಯವರು, ವಿದ್ಯಾರ್ಥಿಗಳು, ಮಕ್ಕಳಿರುವ ಸಂಸಾರಗಳು, ವೃದ್ಧರು ಎಂದು ಬಗೆಬಗೆಯ ಕುಟುಂಬಗಳು ಬರುತ್ತವೆ. ಒಬ್ಬ ವ್ಯಕ್ತಿಯನ್ನು ಆರಿಸಿ ಅವನ ಓದು, ಕೆಲಸ, ಮನೆ ಬದಲಾವಣೆಗಳನ್ನು ಕೊನೆಯವರೆಗೂ ಹಿಂಬಾಲಿಸಬಹುದು. ಊರಿನಲ್ಲಿ ತಲೆಮಾರುಗಳು ಬೆರೆತಿರಬೇಕು ಎಂಬ ತಿಳಿವಳಿಕೆ ಆ ಬದಲಾವಣೆಯಲ್ಲಿ ಕಾಣುತ್ತದೆ. ನನಗೆ ಅದು ಬಹಳ ಹಿಡಿಸಿತು.

ಪ್ರಶ್ನೆ: ನಮ್ಮ ಮೈಸೂರನ್ನು ಈ ಆಟದಲ್ಲಿ ಕಟ್ಟಬೇಕೆಂಬ ಆಸೆ. ಯಾವುದರಲ್ಲಿ ಸುಲಭ?
— ಓದುಗರು, ಮೈಸೂರು

ಉತ್ತರ: ಬೀದಿಗಳ ಮಟ್ಟಿಗೆ ಎರಡನೆಯದರಲ್ಲಿ. ಮೈಸೂರಿನ ಹಳೆಯ ಭಾಗದ ಚಹರೆ ಇರುವುದು ವೃತ್ತಗಳಲ್ಲಿ. ಕೆ.ಆರ್. ವೃತ್ತದಂಥ ಜಾಗವನ್ನು ಹಳೆಯ ಆಟದಲ್ಲಿ ಏಕಮುಖ ರಸ್ತೆಯ ತುಂಡುಗಳನ್ನು ಬಾಗಿಸಿ ಕೂಡಿಸಿ ಮಾಡಬೇಕಿತ್ತು. ಹೊಸದರಲ್ಲಿ ರಸ್ತೆಗಳು ಸೇರುವ ಬಿಂದುವಿನ ಮೇಲೆ ವೃತ್ತವನ್ನಿಟ್ಟರೆ ಅವೆಲ್ಲ ತಾವಾಗಿ ಅದಕ್ಕೆ ಕೂಡಿಕೊಳ್ಳುತ್ತವೆ. ಆಟ ಶುರು ಮಾಡುವಾಗಲೇ ಎಡಬದಿಯ ಸಂಚಾರವನ್ನು ಆರಿಸಿಕೊಳ್ಳಿ, ಎರಡರಲ್ಲೂ ಆ ಸೌಲಭ್ಯವಿದೆ. ಮನೆಗಳ ಹಿಂಬದಿಯ ಕನ್ಸರ್ವೆನ್ಸಿ ಗಲ್ಲಿಗಳಿಗೆ ಹೊಸ ಆಟದ ಕಿರಿದಾದ ಓಣಿಗಳು ಒದಗುತ್ತವೆ. ದೇವರಾಜ ಅರಸು ರಸ್ತೆಯಂತೆ ಕೆಳಗೆ ಅಂಗಡಿ ಮೇಲೆ ಮನೆ ಇರುವ ಬೀದಿಗಳಿಗೆ ಮಿಶ್ರ ವಲಯ ಎಂಬುದಿದೆ. ಮೊದಲನೆಯ ಆಟ ಬಂದಾಗ ಅದರಲ್ಲಿ ಇದು ಇರಲೇ ಇಲ್ಲ. ನಮ್ಮ ಯಾವ ಪೇಟೆಯನ್ನೂ ಮಿಶ್ರ ವಲಯವಿಲ್ಲದೆ ಕಲ್ಪಿಸಲಾಗದು. ಚಾಮುಂಡಿ ಬೆಟ್ಟಕ್ಕೆ ನೆಲದ ಏರುತಗ್ಗಿನ ಚಿತ್ರವನ್ನು ನಕ್ಷೆ ತಯಾರಿಸುವ ಭಾಗದಲ್ಲಿ ಸೇರಿಸಬೇಕು, ಅದು ಎರಡರಲ್ಲೂ ಸಾಧ್ಯ. ಜಾಗವೂ ಹೊಸದರಲ್ಲೇ ಹೆಚ್ಚು: ಮಾಡ್‌ಗಳಿಲ್ಲದ ಹಳೆಯ ಆಟದಲ್ಲಿ ಒಂಬತ್ತು ತುಂಡು ನೆಲ, ಎಂದರೆ ಸುಮಾರು 33 ಚದರ ಕಿಲೋಮೀಟರ್, ಹೊಸದರಲ್ಲಿ 441 ಸಣ್ಣ ತುಂಡುಗಳು, ಒಟ್ಟು ಅದರ ಸುಮಾರು ಐದು ಪಟ್ಟು.

ಕಟ್ಟಡಗಳ ಮಾತು ಬಂದರೆ ಹಳೆಯದು ಗೆಲ್ಲುತ್ತದೆ. ಅದಕ್ಕಾಗಿ ಆಟಗಾರರು ವರ್ಷಗಟ್ಟಲೆ ದುಡಿದು ತಯಾರಿಸಿದ ಕಟ್ಟಡಗಳು ಆಟ ಮಾರುವ ಜಾಲತಾಣ ಸ್ಟೀಮ್‌ನ ವರ್ಕ್‌ಶಾಪಿನಲ್ಲಿ ರಾಶಿ ರಾಶಿ ಸಿಗುತ್ತವೆ. ಎರಡನೆಯದರಲ್ಲಿ ಆ ದಾರಿ ಬಿಟ್ಟು ಪ್ಯಾರಡಾಕ್ಸ್ ತನ್ನದೇ ಮಾಡ್ ತಾಣ ಮಾಡಿತು. ಮಾಡ್ ಹಾಕುವ ಅನುಕೂಲ ಬಂದದ್ದೇ 2024ರ ಮಾರ್ಚ್‌ನಲ್ಲಿ. ಫ್ರಾನ್ಸ್, ಜರ್ಮನಿ, ಬ್ರಿಟನ್, ಜಪಾನ್ ಮುಂತಾದ ದೇಶಗಳ ಕಟ್ಟಡಗಳ ಉಚಿತ ಕಂತೆಗಳು ಬಂದಿವೆ. ಜಗಲಿ, ಹೆಂಚು, ತಾರಸಿ, ಮೇಲೊಂದು ಕಪ್ಪು ನೀರಿನ ಟ್ಯಾಂಕ್ ಇರುವ ನಮ್ಮ ಮನೆಗಳಿಗೂ ಅಂಥ ಒಂದು ಕಂತೆ ಬರಬೇಕು. ಕಟ್ಟಡ ವಿನ್ಯಾಸ ಓದುತ್ತಿರುವ ಕನ್ನಡದ ಹುಡುಗ ಹುಡುಗಿಯರು ಈ ಕೆಲಸಕ್ಕೆ ಕೈಹಾಕಲಿ ಎಂದು ಮನಸಾರೆ ಕೇಳಿಕೊಳ್ಳುತ್ತೇನೆ.

ಪ್ರಶ್ನೆ: ಎರಡನೆಯ ಆಟದ ತಯಾರಕರೇ ಬದಲಾದರಂತೆ. ಈಗ ಕೊಂಡರೆ ನಡುನೀರಿನಲ್ಲಿ ಕೈಬಿಡುತ್ತಾರೆಯೇ?
— ಓದುಗರು, ಮಂಗಳೂರು

ಉತ್ತರ: ಬದಲಾದದ್ದು ನಿಜ. ಕಲೋಸಲ್ ಆರ್ಡರ್ ಮತ್ತು ಪ್ಯಾರಡಾಕ್ಸ್ ಬೇರೆಯಾಗುವುದಾಗಿ 2025ರ ನವೆಂಬರ್‌ನಲ್ಲಿ ಪ್ರಕಟಿಸಿದವು. 2026ರ ಆರಂಭದಿಂದ ಹೊಣೆ ಹೊತ್ತಿರುವುದು ಪ್ಯಾರಡಾಕ್ಸ್‌ನದೇ ಆದ ಐಸ್‌ಫ್ಲೇಕ್ ಸ್ಟುಡಿಯೋ. ಅದೂ ಟಾಂಪೆರೆಯದೇ. ಹಾಗಾಗಿ ಆಟ ಅನಾಥವಾಗಿಲ್ಲ. ‘ಬೀಚ್ ಪ್ರಾಪರ್ಟೀಸ್’ ಎಂಬ ಹೆಚ್ಚುವರಿ ಭಾಗ 2024ರಲ್ಲಿ ತೀವ್ರ ಟೀಕೆಗೆ ಗುರಿಯಾದಾಗ ಕಲೋಸಲ್ ಆರ್ಡರ್ ಮತ್ತು ಪ್ಯಾರಡಾಕ್ಸ್ ಕ್ಷಮೆ ಕೇಳಿ, ಅದನ್ನು ಉಚಿತ ಮಾಡಿ, ಕೊಂಡವರಿಗೆ ಹಣ ಹಿಂದಿರುಗಿಸಲು ಮುಂದಾಗಿದ್ದವು; ಆ ನಡೆಯನ್ನು ನಾನು ಗೌರವಿಸುತ್ತೇನೆ. ಆದರೂ ಮುಂದಿನ ಭರವಸೆಗಳನ್ನು ನೆಚ್ಚಿ ಕೊಳ್ಳಬೇಡಿ. ಇಂದು ಆಟದಲ್ಲಿ ಏನಿದೆಯೋ ಅಷ್ಟೇ ನಿಮಗೆ ಸಾಕೆನಿಸಿದರೆ, ಗಟ್ಟಿಯಾದ ಕಂಪ್ಯೂಟರೂ ಇದ್ದರೆ, ರಿಯಾಯಿತಿ ಬಂದಾಗ ಕೊಳ್ಳಿ. ಹೊಸ ತಂಡ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಆಯವ್ಯಯದ ಪುಟ ಎಂದು ನನ್ನ ಅಭಿಪ್ರಾಯ. ಒಂದು ಅಂಗಡಿ ಏಕೆ ಮುಚ್ಚಿತು ಎಂದು ಆಟಗಾರ ಕೇಳಿದರೆ, ಸರಕು ಬರಲಿಲ್ಲವೋ, ಗಿರಾಕಿ ಬರಲಿಲ್ಲವೋ, ಬಾಡಿಗೆ ಏರಿತೋ ಎಂಬುದನ್ನು ಆ ಕಟ್ಟಡದ ಮೇಲೆ ಒತ್ತಿದಾಗಲೇ ಆಟ ಹೇಳುವಂತಾಗಬೇಕು.